ಬರಾನಗರದಲ್ಲಿ ಮಲೇರಿ ಹಳ್ಳಿಯ ಮೂಳೆಗಳು

ಕೋಲ್ಕತ್ತಕ್ಕೆ ಹೋದವರು ದಕ್ಷಿಣೇಶ್ವರ ನೋಡಿ ಬರುತ್ತಾರೆ. ಅದಕ್ಕೂ ಮೊದಲೇ, ಬರಾನಗರದ ಬ್ಯಾರಕ್‌ಪುರ ಟ್ರಂಕ್ ರಸ್ತೆಯಲ್ಲಿ ಇಳಿದುಕೊಂಡರೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸಿಗುತ್ತದೆ. ಲೆಕ್ಕಾಚಾರದ ಈ ಸಂಸ್ಥೆಯಲ್ಲಿ ಪಳೆಯುಳಿಕೆಗಳ ಸಂಗ್ರಹಾಲಯವಿರುವುದಕ್ಕೆ ಸ್ಥಾಪಕ ಮಹಲನೋಬಿಸ್ ಕಾರಣ. 1950ರ ದಶಕದಲ್ಲಿ ಅವರು ಲಂಡನ್ನಿನಿಂದ ಪಳೆಯುಳಿಕೆ ತಜ್ಞೆ ಪಮೇಲಾ ರಾಬಿನ್ಸನ್ ಅವರನ್ನು ಕರೆಸಿ ಇಲ್ಲಿ ಈ ಅಧ್ಯಯನಕ್ಕೆ ಅಡಿಪಾಯ ಹಾಕಿಸಿದರು. ಸಂಗ್ರಹಾಲಯ ಸಂಸ್ಥೆಯ ಆವರಣದೊಳಗೆ ಇರುವುದರಿಂದ ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಒಳಗೆ ಎಲ್ಲರ ಕಣ್ಣು ಬಾರಾಪಾಸಾರಸ್ ಎಂಬ ದೈತ್ಯ ಡೈನೋಸಾರ್ ಮೇಲೆಯೇ. ಅದು ಜುರಾಸಿಕ್ ಕಾಲದ್ದು. ನಾನು ಹೋಗಿದ್ದು ಅದಕ್ಕೂ ಹಿಂದಿನ ಟ್ರಯಾಸಿಕ್ ಪ್ರಾಣಿಗಳಿಗಾಗಿ. ಲಾಲ್‌ಬಾಗಿನ ಬಂಡೆಯಂತಹ ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲಿನ ನಾಡಿನವನಿಗೆ ಊರಿನಲ್ಲಿ ಇಂತಹ ಮೂಳೆ ಸಿಗುವಂತಿಲ್ಲ. ಇವು ದೊರೆತದ್ದು ನೆರೆಯ ತೆಲಂಗಾಣದ ಪ್ರಾಣಹಿತಾ–ಗೋದಾವರಿ ಕಣಿವೆಯ ಮಲೇರಿ ಹಳ್ಳಿಯ ಸುತ್ತಲಿನ ಕೆಂಪು ಮಣ್ಣುಶಿಲೆಯಲ್ಲಿ. ವಯಸ್ಸು ಸುಮಾರು 22–23 ಕೋಟಿ ವರ್ಷ.

ಪ್ಯಾರಾಸುಕಸ್ ಹಿಸ್ಲೋಪಿಯನ್ನು ನೋಡಿದ ಯಾರಾದರೂ ಮೊಸಳೆ ಎಂದೇ ಹೇಳುತ್ತಾರೆ. ಉದ್ದ ಮೂತಿ, ಚೂಪು ಹಲ್ಲು, ಬೆನ್ನ ಮೇಲೆ ಮೂಳೆಯ ಫಲಕಗಳು. ಆದರೆ ಹೊಳ್ಳೆ ಎಲ್ಲಿದೆ ನೋಡಿ! ಮೊಸಳೆಗೆ ಅದು ಮೂತಿಯ ತುದಿಯಲ್ಲಿರುತ್ತದೆ, ಇದಕ್ಕೆ ಹಿಂದೆ, ಕಣ್ಣಿನ ಹತ್ತಿರ. ಇದು ಫೈಟೋಸಾರ್ ಎಂಬ ಬೇರೆಯೇ ಗುಂಪು. ನೀರಿನಲ್ಲಿ ಹೊಂಚುಹಾಕುವ ಒಂದೇ ಬಗೆಯ ಬದುಕು ಎರಡು ವಂಶಗಳಿಗೂ ಒಂದೇ ಆಕಾರ ಕೊಟ್ಟಿದೆ. ಹೈಪರೋಡಾಪಿಡಾನ್ ಎಂಬ ಇನ್ನೊಂದು ಸರೀಸೃಪದ ಬಾಯಿ ಇನ್ನೂ ವಿಚಿತ್ರ. ಮೇಲ್ದವಡೆಯಲ್ಲಿ ಸಾಲು ಸಾಲು ಹಲ್ಲು, ನಡುವೆ ತೋಡು. ಕೆಳದವಡೆ ಆ ತೋಡಿಗೆ ಅಡಕತ್ತರಿಯ ಅಲಗಿನಂತೆ ಇಳಿಯುತ್ತದೆ. ಅದು ಸಸ್ಯಾಹಾರಿ.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಎಕ್ಸೆರೆಟೊಡಾನ್‌ನ ಸಂಗತಿ. ಇದು ಸರೀಸೃಪವಲ್ಲ, ಸಸ್ತನಿಗಳ ಹತ್ತಿರದ ನೆಂಟ. ಮೊಸಳೆ, ಹಲ್ಲಿಗಳ ವಂಶದ ತಲೆಬುರುಡೆಯಲ್ಲಿ ಕಣ್ಣಿನ ಹಿಂದೆ ಮೂಲತಃ ಎರಡು ರಂಧ್ರ. ಇದರ ವಂಶದಲ್ಲಿ, ಅಂದರೆ ನಮ್ಮದರಲ್ಲೂ, ಒಂದೇ. ಎಕ್ಸೆರೆಟೊಡಾನ್‌ನ ಕೆಳದವಡೆಯ ಬಹುಭಾಗವನ್ನು ಹಲ್ಲು ಹೊತ್ತ ಮೂಳೆಯೊಂದೇ ಆವರಿಸಿಕೊಂಡಿದೆ, ಹಿಂದಿನ ಮೂಳೆಗಳು ಕಿರಿದಾಗಿವೆ. ಹಳೆಯ ದವಡೆಕೀಲಿನ ಎರಡು ಪುಟ್ಟ ಮೂಳೆಗಳು ಮುಂದೆ ಸಸ್ತನಿಗಳಲ್ಲಿ ನಡುಗಿವಿಯೊಳಗೆ ಸೇರಿಕೊಂಡವು. ಹಲ್ಲಿಯ ದವಡೆಯನ್ನು ಹಿಡಿದಿರುವ ಮೂಳೆಗಳಿಗೆ ಸಮನಾದವು ನಮ್ಮ ಕಿವಿಯಲ್ಲಿ ಸದ್ದು ದಾಟಿಸುತ್ತಿವೆ ಎಂಬುದು ನನಗೆ ಅಂಗರಚನಾಶಾಸ್ತ್ರದ ಅತ್ಯಂತ ಸುಂದರ ಸಂಗತಿ.

ಇನ್ನು ಮಲೇರಿಸಾರಸ್. ಎರಡು ಪ್ಯಾರಾಸುಕಸ್ ಅಸ್ಥಿಪಂಜರಗಳ ಹೊಟ್ಟೆಯ ಭಾಗದಲ್ಲಿ ಸಿಕ್ಕ ಈ ಸಣ್ಣ ಪ್ರಾಣಿಗೆ ಪಳೆಯುಳಿಕೆ ತಜ್ಞ ಶಂಕರ್ ಚಟರ್ಜಿ 1980ರಲ್ಲಿ ಹೆಸರಿಟ್ಟರು. ಬೇಟೆಗಾರನೂ ಬಲಿಯೂ ಒಟ್ಟಿಗೇ ಶಿಲೆಯಾಗಿದ್ದರು. ಉದ್ದ ಕತ್ತು ನೋಡಿ ಇದನ್ನು ಪ್ರೊಟೊರೊಸಾರ್ ಎಂಬ ಉದ್ದ ಕತ್ತಿನ ಸರೀಸೃಪಗಳ ಜೊತೆ ಸೇರಿಸಿದ್ದರು. 2021ರಲ್ಲಿ ಮೂಳೆಗಳ ಮರುಪರಿಶೀಲನೆ ನಡೆದಾಗ ಅದು ಅಜೆಂಡೊಸಾರಿಡ್ ಎಂಬ ಬೇರೊಂದು ಸರೀಸೃಪ ಕುಟುಂಬಕ್ಕೆ ಸ್ಥಳಾಂತರವಾಯಿತು. ಇದೇ ಸಂಸ್ಥೆಯ ಸಂಶೋಧಕರು ಜೊತೆಗಾರರೊಂದಿಗೆ 2017ರಲ್ಲಿ ಮಧ್ಯಪ್ರದೇಶದ ಡೆನ್ವಾ ಶಿಲೆಯಿಂದ ವಿವರಿಸಿದ ಶೃಂಗಸಾರಸ್ ಕೂಡ ಅದೇ ಕುಟುಂಬದ್ದು. ಅದು ಮೂರು–ನಾಲ್ಕು ಮೀಟರ್ ಉದ್ದದ ಸಸ್ಯಾಹಾರಿ, ಕಣ್ಣುಗಳ ಮೇಲೆ ಎರಡು ಕೊಂಬುಗಳಿದ್ದವು.