ಮೇಲೇಳದ ಶಟರ್

ಮಂಡ್ಯದ ಗುತ್ತಲು ರಸ್ತೆಯಲ್ಲಿರುವ ನಮ್ಮ ಭಾವನವರ ಬಟ್ಟೆ ಅಂಗಡಿಯ ರೋಲಿಂಗ್ ಶಟರ್, ಹಿಂದಿನ ರಾತ್ರಿ ರಿಮೋಟ್ ಒತ್ತಿದೊಡನೆ ಸರಾಗವಾಗಿ ಇಳಿದಿದ್ದು, ಬೆಳಿಗ್ಗೆ ಎಷ್ಟು ಒತ್ತಿದರೂ ಮೇಲೇಳಲಿಲ್ಲ. ಫೋನಿನಲ್ಲಿ ವಿಷಯ ಕೇಳಿದ ಮೆಕ್ಯಾನಿಕ್ ಮೋಟಾರನ್ನೇ ಬದಲಿಸಬೇಕೆಂದು ಹೇಳಿದ್ದರಿಂದ ಭಾವ ನನ್ನನ್ನು ಕರೆಸಿದರು. ಮೋಟಾರಾಗಲಿ, ಕೈಯಿಂದ ಎಳೆಯುವ ಸರಪಳಿಯಾಗಲಿ ಇರುವುದು ಶಟರಿನ ಒಳಬದಿಯಲ್ಲಿ. ಆ ಅಂಗಡಿಗೆ ಹಿಂಬಾಗಿಲು ಇದ್ದುದರಿಂದ ಒಳಗೆ ಹೋಗಲು ಸಾಧ್ಯವಾಯಿತು. ಒಂದೇ ಬಾಗಿಲಿನ ಅಂಗಡಿಗೆ ಮೋಟಾರ್ ಹಾಕಿಸುವವರು ಇದನ್ನು ಮೊದಲೇ ಯೋಚಿಸಬೇಕು.

ಒಳಗೆ ನಿಂತು ರಿಮೋಟ್ ಒತ್ತಿದಾಗ ಕಂಟ್ರೋಲ್ ಡಬ್ಬಿಯಲ್ಲಿ ರಿಲೇ (ಸಂಕೇತ ಬಂದಾಗ ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್) ‘ಟಕ್’ ಎಂದಿತು, ಮೋಟಾರ್ ‘ಗುಂಯ್’ ಎಂದಿತು, ಆದರೆ ತಿರುಗಲಿಲ್ಲ. ರಿಲೇ ಸದ್ದು ಮಾಡಿತೆಂದರೆ ರಿಮೋಟಿನ ಸಂಕೇತ ತಲುಪುತ್ತಿದೆ, ರಿಸೀವರ್ ಕೆಲಸ ಮಾಡುತ್ತಿದೆ ಎಂದರ್ಥ. ಮೋಟಾರ್ ಗುಂಯ್‌ಗುಟ್ಟಿತೆಂದರೆ ಅದರೊಳಗಿನ ತಂತಿಯ ಸುರುಳಿಗೆ ಕರೆಂಟ್ ಹೋಗುತ್ತಿದೆ. ಬಿಡಿಭಾಗ ಕೊಳ್ಳುವ ಮೊದಲು ಈ ಎರಡು ಸದ್ದುಗಳನ್ನು ಗಮನವಿಟ್ಟು ಕೇಳಿದರೆ ಅರ್ಧ ಹುಡುಕಾಟ ಮುಗಿದಂತೆ. ಸ್ವಲ್ಪ ಹೊತ್ತಿಗೆ ಆ ಗುಂಯ್ ಸದ್ದೂ ನಿಂತಾಗ ಭಾವ, “ಸುಟ್ಟೇ ಹೋಯ್ತು ಕಣಪ್ಪ” ಎಂದು ಕಳವಳಪಟ್ಟರು. ತಿರುಗದೆ ನಿಂತ ಮೋಟಾರ್ ಬಿಸಿಯೇರಿದಾಗ ಅದರೊಳಗಿನ ಥರ್ಮಲ್ ಸ್ವಿಚ್ ತಾನೇ ಕರೆಂಟ್ ಕಡಿದು ಸುರುಳಿಯನ್ನು ಕಾಪಾಡುತ್ತದೆಯೆಂದೂ, ತಣಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆಯೆಂದೂ ಅವರಿಗೆ ವಿವರಿಸಿದೆ.

ತಣಿಯಲು ಬಿಟ್ಟ ಸಮಯದಲ್ಲಿ ಕರೆಂಟ್ ಕಡಿಯುವ ಸುರಕ್ಷತಾ ಸ್ವಿಚ್ಚಾದ ಎಂಸಿಬಿ ಇಳಿಸಿ, ಸರಪಳಿ ಎಳೆದು ಶಟರನ್ನು ಎತ್ತಿ ನೋಡಿದೆ. ಪಟ್ಟಿಗಳು ಎಲ್ಲಿಯೂ ಸಿಕ್ಕಿಕೊಳ್ಳದೆ ಹಗುರವಾಗಿ ಏರಿದ್ದರಿಂದ ಬಿಗಿತದ ಸಂಶಯ ತೀರಿತು. ವೋಲ್ಟೇಜ್ ಕುಸಿದರೂ ಮೋಟಾರಿನ ಎಳೆತ ಬಹಳ ಬೇಗ ಕುಗ್ಗುವುದರಿಂದ ಅದನ್ನೂ ಅಳೆದೆ, ಸರಿಯಾಗಿಯೇ ಇತ್ತು. ಉಳಿದದ್ದು ಕೆಪಾಸಿಟರ್, ಅಂದರೆ ಚಾರ್ಜನ್ನು ಹಿಡಿದಿಟ್ಟು ಬಿಡುವ ಬಿಡಿಭಾಗ. ಇಂತಹ ಸಿಂಗಲ್ ಫೇಸ್ ಮೋಟಾರಿನ ಎರಡು ಸುರುಳಿಗಳಲ್ಲಿ ಒಂದಕ್ಕೆ ಕರೆಂಟ್ ನೇರವಾಗಿ, ಇನ್ನೊಂದಕ್ಕೆ ಕೆಪಾಸಿಟರ್ ಮೂಲಕ ಬೇರೆ ಸಮಯಕ್ಕೆ ತಲುಪುವುದರಿಂದಲೇ ತಿರುಗುವ ಬಲ ಹುಟ್ಟುತ್ತದೆ. ಏರಿಸಲು, ಇಳಿಸಲು ಈ ಸುರುಳಿಗಳ ಪಾತ್ರ ಅದಲುಬದಲಾಗುತ್ತದೆ. ಕೆಪಾಸಿಟರ್ ಬಲ ಕುಂದಿದರೆ ಇಳಿಯುವಾಗ ಶಟರಿನ ತೂಕವೇ ನೆರವಾಗುವುದರಿಂದ ದೋಷ ಕಾಣುವುದಿಲ್ಲ, ಏರುವಾಗ ಬಯಲಾಗುತ್ತದೆ. ರಾತ್ರಿ ಇಳಿದದ್ದು ಬೆಳಿಗ್ಗೆ ಏರದೆ ಹೋದದ್ದಕ್ಕೆ ಇದು ಪೂರ್ತಿ ಹೊಂದುತ್ತಿತ್ತು.

ಕರೆಂಟ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರಬಹುದು, ಆದ್ದರಿಂದ ಬಲ್ಬಿನ ತಂತಿಗಳನ್ನು ತಾಗಿಸಿ ಅದನ್ನು ಇಳಿಸಿಯೇ ಬಿಚ್ಚಿದೆ. ಮೈಮೇಲೆ ಅದರ ಸಾಮರ್ಥ್ಯ 20 ಮೈಕ್ರೋಫ್ಯಾರಡ್ ಎಂದಿದ್ದರೂ ಮೀಟರ್ 11 ತೋರಿಸಿತು. ಅದೇ ಮೌಲ್ಯದ, ಅದೇ 450 ವೋಲ್ಟಿನ ಹೊಸದನ್ನು ಪೇಟೆಯಿಂದ ತರಿಸಿ ಹಾಕಿದಾಗ ಶಟರ್ ಒಂದೇ ಉಸಿರಿಗೆ ಏರಿ, ಏರಿಕೆಯ ಕೊನೆಯಲ್ಲಿ ಮೋಟಾರನ್ನು ನಿಲ್ಲಿಸುವ ಲಿಮಿಟ್ ಸ್ವಿಚ್ ಗೊತ್ತುಮಾಡಿದ ಜಾಗದಲ್ಲಿ ಸರಿಯಾಗಿ ನಿಂತಿತು. ಭಾವ ಕೂಡಲೇ ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೊಸ ಮೋಟಾರ್ ತರುವುದು ಬೇಡವೆಂದರು. ನಾನು ಅಂಗಡಿಯ ಹುಡುಗನಿಗೆ ಸರಪಳಿ ಎಳೆಯುವ ಬಗೆಯನ್ನು ಕಲಿಸಿ, ಹೊಸ ಕೆಪಾಸಿಟರಿನ ಮೇಲೆ ಮಾರ್ಕರಿನಿಂದ ತಾರೀಖು ಬರೆದು ಡಬ್ಬಿ ಮುಚ್ಚಿದೆ.