ಶೇಂಗಾ ಚೀಲದ ಪಕ್ಕ ಹುಣಸೆಹಣ್ಣು ಇಟ್ಟಿದ್ದೇ ತಪ್ಪಾಯಿತು

ಮೇ ತಿಂಗಳಲ್ಲಿ ಬಿತ್ತನೆಗೆ ಅಂತ ಇಟ್ಟಿದ್ದ ಶೇಂಗಾ ಚೀಲ ಬಿಚ್ಚಿದೆ. ಮೇಲಿನ ಕಾಯಿ ಚೆನ್ನಾಗೇ ಇದ್ದವು. ಕೈ ಒಳಗೆ ಹಾಕಿ ಒಂದು ಹಿಡಿ ತೆಗೆದರೆ, ಕಾಯಿಗೆಲ್ಲ ದುಂಡನೆ ತೂತು, ಒಳಗೆ ಕಾಳಿನ ಬದಲು ಬರೀ ಪುಡಿ. ಚೀಲದ ತಳದಲ್ಲಿ ತೆಳು ಕಾಗದದಂಥ ಬಿಳಿ ಗೂಡುಗಳು ಅಂಟಿಕೊಂಡಿದ್ದವು.

ನಮ್ಮದು ಕುಷ್ಟಗಿ ಕಡೆ, ಮಳೆ ನಂಬಿದ ಹೊಲ. ಅಕ್ಟೋಬರ್‌ನಲ್ಲಿ ಕಿತ್ತ ಕಾಯಿ ಅವು. ಒಣಗಿಸುವುದರಲ್ಲಿ ನಾನೇನೂ ಕಳ್ಳಾಟ ಆಡಿರಲಿಲ್ಲ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೂ ಬಿಸಿಲಿಗೆ ಹಾಕಿದ್ದೆ. ತೇವ 8 ಪರ್ಸೆಂಟ್ ಒಳಗಿದ್ದರೆ ಬೂಷ್ಟು ಹಿಡಿಯುವುದಿಲ್ಲ, ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಅನ್ನುವ ವಿಷದ ಭಯವೂ ಕಮ್ಮಿ. ಆದರೆ ಈ ತೂತು ಕೊರೆದ ಶೇಂಗಾ ದುಂಬಿಗೆ ಒಣಗಿದ ಕಾಯೇ ಬೇಕು! ಸಿಪ್ಪೆಯ ಮೇಲೆ ಮೊಟ್ಟೆ ಅಂಟಿಸುತ್ತದೆ, ಮರಿ ಸಿಪ್ಪೆ ಕೊರೆದು ಒಳಗೆ ಹೋಗಿ ಕಾಳು ತಿನ್ನುತ್ತದೆ, ಬಲಿತ ಮೇಲೆ ಹೊರಗೆ ಬಂದು ಗೂಡು ಕಟ್ಟುತ್ತದೆ. ಗೂಡು ಕಣ್ಣಿಗೆ ಬೀಳುವಷ್ಟರಲ್ಲಿ ಕಾಳು ಹೋಗಿರುತ್ತದೆ.

ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡೆ. ಫೆಬ್ರವರಿಯಲ್ಲಿ ಬಡಿದ ಹುಣಸೆಹಣ್ಣನ್ನು ಅದೇ ಕೋಣೆಯಲ್ಲಿ ರಾಶಿ ಹಾಕಿದ್ದೆವು. ಅದನ್ನು ಕೆದಕಿ ನೋಡಿದರೆ ಅಲ್ಲೂ ಅದೇ ತೂತು, ಅದೇ ದಪ್ಪ ತೊಡೆಯ ಕಂದು ದುಂಬಿ. ಪುಸ್ತಕದಲ್ಲಿ ಇದರ ಹೆಸರು ಕ್ಯಾರಿಡಾನ್ ಸೆರ್ರಾಟಸ್, ಹುಣಸೆ ಇದರ ಹಳೇ ತವರು. ಅದರ ಪಕ್ಕಕ್ಕೇ ಶೇಂಗಾ ಬಡಿಸಿಟ್ಟವನು ನಾನೇ ಅಲ್ವಾ!

ಗುಳಿಗೆ ಇಟ್ಟುಬಿಡು ಅಂದವರು ಬಹಳ ಜನ. ಅಲ್ಯೂಮಿನಿಯಂ ಫಾಸ್ಫೈಡ್ ಅದು, ಅದರಿಂದ ಬರುವ ಗಾಳಿ ಹುಳವನ್ನಷ್ಟೇ ಕೊಲ್ಲುವುದಿಲ್ಲ. ಮಕ್ಕಳು ಮಲಗುವ ಮನೆಯಲ್ಲಿ ಸುತಾರಾಂ ಬೇಡ. ಬೇವಿನ ಸೊಪ್ಪು ಹಾಕಿ ನೋಡಿದ್ದೇನೆ, ಈಗಾಗಲೇ ಕಾಯೊಳಗೆ ಸೇರಿದ ಮರಿಗೆ ಅದು ಏನೂ ಮಾಡಲಿಲ್ಲ.

ಈ ವರ್ಷ ಗಾಳಿಯಾಡದ ಪ್ಲಾಸ್ಟಿಕ್ ಒಳಚೀಲ ಇರುವ ಚೀಲ ತಂದೆ. ಬಾಯಿ ಬಿಗಿಯಾಗಿ ಕಟ್ಟಿದರೆ ಒಳಗಿರುವ ಹುಳ ಇದ್ದಬದ್ದ ಆಮ್ಲಜನಕ ತಾನೇ ಮುಗಿಸಿ ಸಾಯುತ್ತದೆ. ಸುಮ್ನೆ ನೋಡೋಣ ಅಂತ ಪದೇ ಪದೇ ಬಿಚ್ಚಬಾರದು, ಹಸಿ ಕಾಯಂತೂ ತುಂಬಲೇಬಾರದು, ಬೂಷ್ಟು ಹಿಡಿಯುತ್ತದೆ. ಬಿತ್ತನೆಯದನ್ನು ಸುಲಿಯದೆ ಕಾಯಿಯಲ್ಲೇ ಇಟ್ಟೆ, ಸುಲಿದ ಕಾಳಿಗೆ ಹಿಟ್ಟಿನ ಹುಳ ಬೇಗ ಬೀಳುತ್ತದೆ. ಹಳೇ ಗೋಣಿಚೀಲ ಕುದಿಯುವ ನೀರಿಗೆ ಅದ್ದಿ ಒಣಗಿಸಿದೆ, ಕೋಣೆಯ ಮೂಲೆಮೂಲೆ ಗುಡಿಸಿದೆ.

ಹುಣಸೆಹಣ್ಣು ಈಗ ದನದ ಕೊಟ್ಟಿಗೆಯ ಅಟ್ಟದಲ್ಲಿದೆ. ಸಾರಿಗೆ ಬೇಕಾದಾಗಲೆಲ್ಲ ಏಣಿ ಹತ್ತಬೇಕು ಅಂತ ಅವ್ವ ದಿನಾ ಬೈಯುತ್ತಾಳೆ.