ಇಂಗ್ಲಿಷಿನವರ ಮೂಗಿಗೆ ಹಿಡಿದ ನೆಗಡಿ

ಮೂಗು ಸೋರಿದರೆ ಇಂಗ್ಲಿಷಿನವರು 'ಕೋಲ್ಡ್' ಅನ್ನತೊಡಗಿದ್ದು 16ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಅವರ ಮನೆಮಾತಿನ ಪದ 'ಪೋಸ್'. ಇಂಗ್ಲಿಷ್ ಕವಿ ಚಾಸರನ 14ನೇ ಶತಮಾನದ ಕಥೆಯೊಂದರಲ್ಲಿ ಕುಡಿದ ಗಿರಣಿಯವನೊಬ್ಬ ಬಿಕ್ಕಳಿಸುತ್ತಾ, ಪೋಸ್ ಹಿಡಿದವನಂತೆ ಮೂಗಿನಲ್ಲೇ ಮಾತಾಡುತ್ತಾನೆ. (ಕ್ಯಾಮೆರಾ ಮುಂದೆ ಕೊಡುವ ಪೋಸೇ ಬೇರೆ!)

ಓದಿದವರ ಬಾಯಲ್ಲಿ ನೆಗಡಿಗೆ 'ರೂಮ್' (rheum, ಕೋಣೆಯಲ್ಲ), 'ಕಟಾರ್' ಅನ್ನೋ ಪದಗಳು ಓಡಾಡುತ್ತಿದ್ದವು. ಎರಡಕ್ಕೂ ಬೇರು ಒಂದೇ, 'ನೀರಿನಂತೆ ಹರಿ' ಎಂಬರ್ಥದ ಗ್ರೀಕ್ ಧಾತು. ಕಟಾರ್ ಅಂದರೆ ಕೆಳಕ್ಕೆ ಹರಿಯುವುದು. ಮಿದುಳಿನ ಕಫ ಮೂಗಿಗೆ ಇಳಿಯುತ್ತದೆ ಅಂತ ಆಗಿನ ವೈದ್ಯರ ಲೆಕ್ಕ. ಅದೇ ಕಫ ಕೀಲಿಗಿಳಿದರೆ ರೂಮ್ಯಾಟಿಸಂ, ಅಂದರೆ ಕೀಲುನೋವು! ಶೇಕ್ಸ್‌ಪಿಯರನ ನಾಟಕದಲ್ಲಿ ಒಥೆಲೊ ಹೆಂಡತಿಯ ಕರವಸ್ತ್ರ ಕೇಳುವುದೂ ರೂಮ್ ಆಗಿದೆ ಅನ್ನೋ ನೆಪದಲ್ಲೇ; ಪಾಪ, ನೆಗಡಿಯಷ್ಟು ಅಗ್ಗದ ನೆಪ ಇನ್ನೊಂದಿಲ್ಲ.

1660ರ ದಶಕದಲ್ಲಿ ಜರ್ಮನಿಯ ವೈದ್ಯ ಶ್ನೈಡರ್, ಕಫ ಹುಟ್ಟುವುದು ಮೂಗಿನ ಒಳಪೊರೆಯಲ್ಲೇ, ಮಿದುಳಿನಿಂದ ಇಳಿಯಲು ದಾರಿಯೇ ಇಲ್ಲ ಅಂತ ತೋರಿಸಿದ. ಸಿದ್ಧಾಂತ ಬಿತ್ತು, ಪದ ಮಾತ್ರ ಉಳಿಯಿತು. 18ನೇ ಶತಮಾನದಲ್ಲಿ ಇಟಲಿಯಿಂದ ಬಂದ 'ಇನ್ಫ್ಲುಯೆಂಜಾ' (ಫ್ಲೂ) ಪದದ ಕಥೆಯೂ ಇಂಥದ್ದೇ, ಮೂಲದಲ್ಲಿ ಅದು 'ಪ್ರಭಾವ', ನಕ್ಷತ್ರಗಳದ್ದು.

'ಕೋಲ್ಡ್' ಕೂಡ ತಪ್ಪು ಆರೋಪವೇ. ಮೈ ನಡುಗಿಸುವ ಚಳಿಯೇ ರೋಗ ತರುತ್ತದೆ ಅಂದುಕೊಂಡು ಇಟ್ಟ ಹೆಸರದು. ನೆಗಡಿಗೆ ಅತಿ ಸಾಮಾನ್ಯ ಕಾರಣವಾದ ರೈನೋವೈರಸ್ ಸಿಕ್ಕಿದ್ದು 1950ರ ದಶಕದಲ್ಲಿ. ಗ್ರೀಕಿನಲ್ಲಿ 'ರೈನೋ' ಅಂದರೆ ಮೂಗು, ಕೊನೆಗೂ ಜಾಗ ಸರಿಯಾಗಿ ಹೇಳಿದ ಹೆಸರು. ನಗಬೇಡಿ, ನಾವೂ 'ಶೀತ ಆಗಿದೆ', 'ಥಂಡಿ ಹಿಡಿದಿದೆ' ಅಂತಲೇ ಅನ್ನೋದು.